ಆಫ್-ಲೇಬಲ್ ಔಷಧ: ಡಾಕ್ಟರ ಬಳಿ ಕೇಳುವುದು ಹೇಗೆ?

ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ ಇರುವವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ‘ಬೇರೆ ಕಾಯಿಲೆಯ ಮಾತ್ರೆಯೊಂದು ಇದಕ್ಕೂ ಹಿಡಿಸುತ್ತದಂತೆ, ಕೇಳೋಣವೇ?’ ಖಂಡಿತ ಕೇಳಿ. ಡಾಕ್ಟರು ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದು, ಕೊನೆಗೆ ತಾವೇ ಮಾತ್ರೆ ತರಿಸಿಕೊಂಡು ನುಂಗುವುದು ನಿಜಕ್ಕೂ ಅಪಾಯ.

ಒಂದು ಔಷಧವನ್ನು ಯಾವ ಕಾಯಿಲೆಗೆ, ಯಾವ ವಯಸ್ಸಿನವರಿಗೆ, ಎಷ್ಟು ಪ್ರಮಾಣದಲ್ಲಿ ಕೊಡಬಹುದೆಂದು ನಿಯಂತ್ರಣ ಸಂಸ್ಥೆ ಅನುಮತಿ ನೀಡಿರುತ್ತದೆ. ಅದರಾಚೆಗೆ ವೈದ್ಯರು ಬರೆದುಕೊಟ್ಟರೆ ಅದೇ ಆಫ್-ಲೇಬಲ್ ಬಳಕೆ. ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಅಪರೂಪದ ಕಾಯಿಲೆಗಳಿಗೆಂದೇ ದೊಡ್ಡ ಪ್ರಯೋಗಗಳು ನಡೆಯುವುದು ಕಡಿಮೆಯಾದ್ದರಿಂದ ವೈದ್ಯರಿಗೆ ಎಷ್ಟೋ ಸಲ ಬೇರೆ ದಾರಿಯೇ ಇರುವುದಿಲ್ಲ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಬಂದ ಮೈಕೋಫಿನೊಲೇಟ್ ಇಂದು ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆಯಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಿಗೂ ಸಿಗುತ್ತಿದೆ. ಅಮೆರಿಕದಲ್ಲಿ 1997ರಲ್ಲಿ ಲಿಂಫೋಮಾ ಕ್ಯಾನ್ಸರ್‌ಗೆ ಅನುಮತಿ ಪಡೆದ ರಿಟುಕ್ಸಿಮ್ಯಾಬ್, 2006ರಲ್ಲಿ ರುಮಟಾಯ್ಡ್ ಸಂಧಿವಾತಕ್ಕೂ ಅನುಮತಿ ಪಡೆಯಿತು.

ಆದರೆ ಎಲ್ಲ ಆಫ್-ಲೇಬಲ್ ಬಳಕೆಗೂ ಇಷ್ಟೇ ಗಟ್ಟಿ ಆಧಾರವಿಲ್ಲ. ಕಡಿಮೆ ಪ್ರಮಾಣದ ನಾಲ್‌ಟ್ರೆಕ್ಸೋನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅಫೀಮು ಬಗೆಯ ಮಾದಕ ಮತ್ತು ಮದ್ಯದ ಚಟ ಬಿಡಿಸಲು ಸಾಮಾನ್ಯವಾಗಿ 50 ಮಿಲಿಗ್ರಾಂ ಕೊಡುವ ಇದನ್ನು ಆಟೋಇಮ್ಯೂನ್ ಕಾಯಿಲೆಗಳಿಗೆ 4.5 ಮಿಲಿಗ್ರಾಂ ಆಸುಪಾಸಿನಲ್ಲಿ ಕೊಡುತ್ತಾರೆ. ಇದರ ಮೇಲೆ ನಡೆದಿರುವ ಅಧ್ಯಯನಗಳು ಚಿಕ್ಕವು. ಟ್ರಮಡಾಲ್, ಕೊಡೀನ್‌ನಂಥ ನೋವಿನ ಮದ್ದು ತೆಗೆದುಕೊಳ್ಳುತ್ತಿರುವವರಿಗೆ ಇದು ಆಗಿಬರುವುದಿಲ್ಲ.

<b>ಹೋಗುವ ಮುನ್ನ</b>

ಒಂದೇ ಹಾಳೆ ಸಾಕು. ಈವರೆಗೆ ತೆಗೆದುಕೊಂಡ ಔಷಧಗಳು, ಪ್ರಮಾಣ, ಎಷ್ಟು ಕಾಲ, ಯಾಕೆ ನಿಲ್ಲಿಸಿದ್ದು ಎಂಬುದನ್ನು ಬರೆಯಿರಿ. ಗಿಡಮೂಲಿಕೆ, ವಿಟಮಿನ್ ಮಾತ್ರೆಗಳನ್ನೂ ಬಿಡಬೇಡಿ. ಹೆಚ್ಚು ಗಮನ ಬೇಕಾದದ್ದು ಕೆಳಗಿನ ಅರ್ಧ ಹಾಳೆಗೆ: ಕಾಯಿಲೆಯಿಂದ ಈಗ ಏನು ಆಗುತ್ತಿಲ್ಲ? ‘ತುಂಬಾ ನೋವು’ ಎಂದರೆ ವೈದ್ಯರಿಗೆ ಅಳೆಯಲು ಏನೂ ಸಿಗುವುದಿಲ್ಲ. ‘ಎದ್ದ ಮೇಲೆ ಒಂದೂವರೆ ಗಂಟೆ ಬೆರಳು ಮಡಚಲಾಗುವುದಿಲ್ಲ, ಅಂಗಿಯ ಗುಂಡಿ ಹಾಕಲು ಇನ್ನೊಬ್ಬರು ಬೇಕು’ ಎಂದರೆ ಸಿಗುತ್ತದೆ.

<b>ಕೇಳುವಾಗ</b>

‘ಈ ಮಾತ್ರೆ ಬರೆದುಕೊಡಿ’ ಎಂದು ಶುರು ಮಾಡಬೇಡಿ. ಹೀಗೆ ಕೇಳಿ ನೋಡಿ: ‘ಡಾಕ್ಟ್ರೇ, ಈ ಔಷಧದ ಬಗ್ಗೆ ಓದಿದೆ. ನನ್ನಂಥವರಿಗೆ ಇದನ್ನು ಕೊಡುವುದುಂಟೇ? ಅನುಮತಿ ಇರುವ ಔಷಧಗಳಲ್ಲಿ ಇನ್ನೂ ನೋಡದಿರುವುದು ಯಾವುದಾದರೂ ಇದೆಯೇ?’ ಎರಡನೆಯ ಪ್ರಶ್ನೆಯನ್ನು ಮರೆಯಬೇಡಿ. ಹೊಸದರ ಆಸೆಯಲ್ಲಿ, ಚೆನ್ನಾಗಿ ಪರೀಕ್ಷೆಯಾದ ಮದ್ದೊಂದು ಪಕ್ಕಕ್ಕೆ ಉಳಿದುಬಿಡಬಹುದು.

ಆಮೇಲೆ ಸುರಕ್ಷತೆ. ಶುರು ಮಾಡುವ ಮುಂಚೆ ಯಾವ ಪರೀಕ್ಷೆ, ನಂತರ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ. ರಿಟುಕ್ಸಿಮ್ಯಾಬ್‌ಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ದೀರ್ಘಕಾಲ ನಡೆದರೆ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ. ಮಗು ಬೇಕೆಂದಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ: ಮೈಕೋಫಿನೊಲೇಟ್, ಮೆಥೋಟ್ರೆಕ್ಸೇಟ್ ಎರಡೂ ಗರ್ಭದ ಶಿಶುವಿಗೆ ಹಾನಿ ಮಾಡುತ್ತವೆ. ಲಸಿಕೆ ಬಾಕಿಯಿದ್ದರೆ ಅದನ್ನೂ ತಿಳಿಸಿ.

ಮೆಥೋಟ್ರೆಕ್ಸೇಟ್ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಈ ಕಾಯಿಲೆಗಳಿಗೆ ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊನೆಯಲ್ಲಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ‘ಕೆಲಸ ಮಾಡುತ್ತಿದೆಯೇ ಎಂದು ಯಾವಾಗ, ಯಾವುದರಿಂದ ತೀರ್ಮಾನಿಸೋಣ? ಮಾಡದಿದ್ದರೆ ಯಾವಾಗ ನಿಲ್ಲಿಸೋಣ?’ ಇಂಥ ಎಷ್ಟೋ ಮದ್ದುಗಳ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಗಡುವಿಲ್ಲದೆ ಶುರುವಾದದ್ದು ಸುಮ್ಮನೆ ವರ್ಷಗಟ್ಟಲೆ ನಡೆಯುತ್ತದೆ. ಗಡುವಿಗೆ ಹೋದಾಗ ಆ ಹಾಳೆಯಲ್ಲಿ ಬರೆದ ಒಂದೂವರೆ ಗಂಟೆ ಎಷ್ಟಕ್ಕೆ ಇಳಿದಿದೆ ಎಂದು ನೋಡಬಹುದು.

<b>ಬೇಡ ಎಂದರೆ</b>

ಕಾರಣ ಕೇಳಿ. ಆಧಾರ ಸಾಲದೇ, ನಿಮ್ಮ ಲಿವರ್ ತಡೆಯದೇ, ಅಥವಾ ಆ ಔಷಧದಲ್ಲಿ ಅವರಿಗೆ ಅನುಭವವಿಲ್ಲವೇ? ಅನುಭವವಿಲ್ಲ ಎನ್ನುವುದಾದರೆ ರುಮಟಾಲಜಿಸ್ಟ್ (ಸಂಧಿವಾತ, ಆಟೋಇಮ್ಯೂನ್ ಕಾಯಿಲೆಗಳ ತಜ್ಞರು) ಅಥವಾ ಸಂಬಂಧಪಟ್ಟ ಬೇರೆ ತಜ್ಞರಿಗೆ ಪತ್ರ ಬರೆದುಕೊಡಲು ಕೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರ ಬರುವವರೆಗೆ ಈಗಿನ ಮಾತ್ರೆಗಳನ್ನು ನೀವಾಗಿ ಬಿಡಬೇಡಿ, ಅದರಲ್ಲೂ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್. ವಾರಗಟ್ಟಲೆ ತೆಗೆದುಕೊಂಡಾಗ ದೇಹ ತಾನೇ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಕುಗ್ಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.