ಬಿಸಿಲು ನೋಡಿ ಬಸ್ ಹತ್ತುವ ತಿರುಗಾಟ

ಕೆಲವು ವರ್ಷಗಳಿಂದ ನಾನು ಹುಬ್ಬಳ್ಳಿಯಿಂದ ಗದಗ, ಹಾವೇರಿ ಕಡೆಯ ಚಾಲುಕ್ಯರ ಕಾಲದ ಗುಡಿಗಳಿಗೆ ಒಬ್ಬಳೇ ಸಾರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೇನೆ. ದಿನಕ್ಕೆ ಒಂದೇ ಊರು, ಅದೂ ಕೆತ್ತನೆಯ ಮೇಲೆ ಓರೆ ಬಿಸಿಲು ಬೀಳುವ ಹೊತ್ತಿಗೆ ಎಂಬುದು ನನ್ನ ಕ್ರಮ. “ಕಾರ್ ಮಾಡ್ಕೊಂಡ್ ಹೋದ್ರ ಒಂದ ದಿನದಾಗ ಎಲ್ಲಾ ಊರು ಮುಗೀತಾವಲ್ರೀ ಅಕ್ಕಾರ” ಎಂದು ನಕ್ಕಿದ್ದ ಓಣಿಯ ಗೆಳತಿಯರು ಈಗ ಯಾವ ತಿಂಗಳು ಎಲ್ಲಿಗೆ ಹೋಗಬೇಕೆಂದು ನನ್ನನ್ನೇ ಕೇಳುತ್ತಾರೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಅವರೊಂದಿಗೆ ಕಾರಿನಲ್ಲೂ ಹೋಗಿ ನೋಡಿದೆ. ಬಾಡಿಗೆ, ಡ್ರೈವರ್ ಭತ್ಯೆ, ಊಟ ಸೇರಿ ತಲೆಗೆ ಸಾವಿರದ ಮೇಲೆ ಬಿತ್ತು. ಲಕ್ಕುಂಡಿ ಮುಟ್ಟುವಾಗ ನಡುಹಗಲಾಗಿದ್ದರಿಂದ ನೆತ್ತಿಯ ಬಿಸಿಲಿಗೆ ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಯ ಆಳವೇ ಕಾಣಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಬಸ್ಸಿನ ಖರ್ಚಿಲ್ಲ; ಖಾನಾವಳಿಯ ರೊಟ್ಟಿ ಊಟ, ಚಹಾ, ಆಟೊ ಎಲ್ಲ ಸೇರಿದರೂ ಇನ್ನೂರು, ಇನ್ನೂರೈವತ್ತರೊಳಗೆ ದಿನ ಮುಗಿಯುತ್ತದೆ.

ಹೆಚ್ಚು ಸತಾಯಿಸಿದ ಊರೆಂದರೆ ಡಂಬಳ. ದೊಡ್ಡಬಸಪ್ಪ ಗುಡಿಗೆ ಡಿಸೆಂಬರಿನಲ್ಲಿ ಹೋದಾಗ ಉತ್ತರದ ಗೋಡೆ ದಿನವಿಡೀ ನೆರಳಿನಲ್ಲೇ ಉಳಿಯಿತು; ಸಂಜೆಯವರೆಗೆ ಕಾದು, ಬಸ್ ಹೋಗಿಬಿಟ್ಟಿದ್ದರಿಂದ ಗದಗಿನವರೆಗೆ ಗಾಡಿ ಮಾಡಿಕೊಂಡು ಆರುನೂರರಷ್ಟು ತೆತ್ತು ಬಂದೆ. ನಮ್ಮ ಸೀಮೆಯಲ್ಲಿ ಮೇ ಆರಂಭದಿಂದ ಸುಮಾರು ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ಮೋಡ ಕವಿಯುವುದರಿಂದ ಉತ್ತರದ ಗೋಡೆಗೆ ನಂಬಬಹುದಾದದ್ದು ಮೇ ತಿಂಗಳೊಂದೇ. ಆ ಬಿಸಿಲಿಗೆ ಯಾರು ಹೋಗುತ್ತಾರೆ ಎಂದರು ಗೆಳತಿಯರು. ನಾನು ಮೊದಲ ಬಸ್ಸಿಗೇ ಹೋದೆ. ಗರ್ಭಗುಡಿಯ ಹೊರಗೋಡೆ ಅಲ್ಲಿ 24 ಮೂಲೆಗಳ ನಕ್ಷತ್ರದಂತಿದೆ. ಒಂದು ಮೂಲೆಯ ಅಂಚಿನ ನೆರಳು ಪಕ್ಕದ ಮುಖದ ಮೇಲೆ ಬೆರಳಗಲದ ಪಟ್ಟಿಯಾಗಿ ಬಿದ್ದು, ಹೊತ್ತೇರಿದಂತೆ ಕಿರಿದಾಗುತ್ತ ಬಂದು, ಅದುವರೆಗೆ ಅಡಗಿದ್ದ ಸಣ್ಣ ಗೋಪುರದ ಕೆತ್ತನೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಮಗ್ಗುಲಾಗಿ ಬಿಚ್ಚಿಕೊಂಡಿತು. ನನಗೆ ತಿರುಗಾಟ ಹಿಡಿಸಿರುವುದು ಇದಕ್ಕೇ. ನೋಡಿ ಮುಗಿಸಿದ ಊರು ಎಂಬುದು ನನ್ನ ಲೆಕ್ಕದಲ್ಲಿ ಈಗ ಇಲ್ಲ, ಮನೆಯ ಕೆಲಸದಲ್ಲೂ ಕಾಯುವ ತಾಳ್ಮೆ ಬಂದಿದೆ.

ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಾಭಿಮುಖವಾದ್ದರಿಂದ ನಾಲ್ಕು ಗಂಟೆಯ ಮೇಲೆ ಮುಟ್ಟಿದರೆ ಸಾಕು. ಹೆದ್ದಾರಿಯ ಊರಾದ್ದರಿಂದ ಮರಳಿ ಹುಬ್ಬಳ್ಳಿಗೆ ಬಸ್ಸಿನ ಚಿಂತೆಯಿಲ್ಲ.

ಗುಡಿಯೊಳಗಿನ ಕತ್ತಲೆಗೆ ಬೇರೆ ಪ್ರಯೋಗ ಬೇಕಾಯಿತು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಮಂಟಪದ ಒಳಛಾವಣಿಯ ಕಲ್ಲಿನ ದೊಡ್ಡ ಕಮಲಕ್ಕೆ ಟಾರ್ಚ್ ಹಿಡಿದರೆ ನಡುಭಾಗ ಮಾತ್ರ ಬೆಳಗುತ್ತದೆ. ಸ್ಟೀಲ್ ತಾಟಿನಿಂದ ಬಿಸಿಲು ತಿರುಗಿಸಿದರೆ ಕಣ್ಣಿಗೆ ಕುಕ್ಕುವ ತುಣುಕು ಬೆಳಕು ಬಂತು. ಕೊನೆಗೆ ಬಿಸಿಲು ಬೀಳುವ ಕಡೆ ಬಿಳಿ ಧೋತರ ಹಾಸಿದಾಗ ಎಸಳುಗಳ ಅಂಚಿನವರೆಗೂ ಮೆತ್ತಗೆ ಬೆಳಕು ಹರಡಿತು. ಧೋತರವನ್ನು ಎಲ್ಲಿ, ಎಷ್ಟು ಹೊತ್ತಿಗೆ ಹಾಸಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹೋಗುವವರು ಕಾವಲುಗಾರರ ಒಪ್ಪಿಗೆ ಪಡೆದೇ ಹಾಸಬೇಕು ಎಂಬುದನ್ನು ಮಾತ್ರ ಹೇಳಬೇಕು.