ಸ್ಟ್ಯಾಫರ್ಡ್‌ಶೈರ್ ಬೊಂಬೆ ಕೊಳ್ಳೋ ಮುಂಚೆ ತಿರುಗಿಸಿ ತಳ ನೋಡಿ

ಇಂಗ್ಲೆಂಡಲ್ಲಿರೋ ನಮ್ಮವರು ಸುಮಾರು ಜನ ಸೆಕೆಂಡ್‌ಹ್ಯಾಂಡ್ ಮಾರ್ಕೆಟಲ್ಲಿ ಸ್ಟ್ಯಾಫರ್ಡ್‌ಶೈರ್ (ಅಲ್ಲಿನ ಕುಂಬಾರಿಕೆಗೆ ಹೆಸರಾದ ಜಿಲ್ಲೆ) ಪಿಂಗಾಣಿ ನಾಯಿ ಜೋಡಿ ನೋಡಿ ಆಸೆಪಟ್ಟು ತಗೋತಾರೆ, ದಯವಿಟ್ಟು ಮೊದಲು ತಳ ನೋಡಿ. 19ನೇ ಶತಮಾನದ ಹಳೇ ಬೊಂಬೆಗಳನ್ನ ಮಣ್ಣಿನ ಹಾಳೆನ ಅಚ್ಚಿಗೆ ಒತ್ತಿ ಮಾಡ್ತಿದ್ರು, ಸುಡುವಾಗ ಒಳಗಿನ ಗಾಳಿ ಹೋಗ್ಲಿ ಅಂತ ಸಣ್ಣ ತೂತು ಬಿಡ್ತಿದ್ರು ಅಷ್ಟೆ. ಆಮೇಲಿನ ನಕಲುಗಳು ನೀರುಮಣ್ಣನ್ನ ಅಚ್ಚಿಗೆ ಸುರಿದು ಮಾಡಿದ್ದು, ಮಿಕ್ಕಿದ್ದನ್ನ ಹೊರಗೆ ಸುರಿಯೋಕೆ ತೂತು ದೊಡ್ಡದಿರುತ್ತೆ, ಕೈಗೂ ಹಗುರ. ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಮೇಲೆ ಮೈತುಂಬ ಒಂದೇ ಸಮ ಕಂದು ಬಿರುಕು ಇದ್ರೆ ನಂಗಂತೂ ಅನುಮಾನನೇ, ಹಳೇದು ಥರ ಕಾಣ್ಲಿ ಅಂತ ಬೇಕಂತಲೇ ಬಣ್ಣ ಹಚ್ಚಿರ್ತಾರೆ. ಇದೊಂದರಿಂದಲೇ ತೀರ್ಮಾನ ಮಾಡ್ಬೇಡಿ, ಎಲ್ಲಾ ಸೇರಿಸಿ ನೋಡಿ.

ತೊಳೆಯೋಕೆ ನೀರಲ್ಲಿ ನೆನೆಹಾಕ್ಲೇಬೇಡಿ, ಬಿರುಕಿಂದ ನೀರು ಒಳಗಿನ ಮಣ್ಣಿಗೆ ಇಳಿದು ಕಲೆ ಆಗುತ್ತೆ, ಗ್ಲೇಜ್ ಮೇಲಿನ ಬಣ್ಣನೂ ಚಿನ್ನದ ಗೆರೆನೂ ಏಳುತ್ತೆ. ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿ ಸಾಕು.

ಅಂದಹಾಗೆ ಮನ್ರೋ ಅನ್ನೋ ಬ್ರಿಟಿಷ್ ಯುವಕನನ್ನ 1792ರಲ್ಲಿ ಬಂಗಾಳದಲ್ಲಿ ಹುಲಿ ಕೊಂದಿದ್ದನ್ನೂ ಸ್ಟ್ಯಾಫರ್ಡ್‌ಶೈರಲ್ಲಿ ಬೊಂಬೆ ಮಾಡಿದಾರೆ, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿರೋ ನಮ್ಮ ಟಿಪ್ಪು ಹುಲಿ (ಬಿಳಿಯನ ಮೇಲೆ ಎರಗಿರೋ ಹುಲಿಯ ಮರದ ಬೊಂಬೆ) ನೋಡಿದವರಿಗೆ ಹೋಲಿಕೆ ತಕ್ಷಣ ಗೊತ್ತಾಗುತ್ತೆ. ಈ ಮನ್ರೋ ಬೊಂಬೆಗೂ ನಕಲಿದೆ, ತುಂಬಾ ಅಗ್ಗಕ್ಕೆ ಸಿಕ್ರೆ ದುಡ್ಡು ಕೊಡ್ಬೇಡಿ.