ಟ್ಯಾರೋ ಓದುವವಳ ಜಾಲತಾಣ: ನಾನು ಕಟ್ಟಿದ್ದು, ನಾನೇ ಕಿತ್ತಿದ್ದು

ನನ್ನ ಜಾಲತಾಣದ ಮುಖಪುಟದಲ್ಲಿ ಮೊದಲ ಐದು ತಿಂಗಳು ಒಂದು ಬಟನ್ ಇತ್ತು. ಅದರ ಮೇಲೆ ‘ಇಂದಿನ ಕಾರ್ಡ್’ ಎಂದು ಬರೆದಿತ್ತು. ಒತ್ತಿದರೆ, ಚಿತ್ರಗಳನ್ನು ನೋಡಿ ಪ್ರಶ್ನೆಗೆ ಉತ್ತರ ಹುಡುಕುವ ಟ್ಯಾರೋ ಕಟ್ಟಿನ 78 ಕಾರ್ಡ್‌ಗಳಲ್ಲಿ ಯಾವುದಾದರೂ ಒಂದು ತೆರೆದುಕೊಂಡು, ಕೆಳಗೆ ಎರಡು ಸಾಲಿನ ಅರ್ಥ ಕಾಣಿಸುತ್ತಿತ್ತು. ಬರುವವರಲ್ಲಿ ಬಹಳ ಮಂದಿ ಅದನ್ನು ಒತ್ತಲೆಂದೇ ಬರುತ್ತಿದ್ದರು.

ಒಂದು ದಿನ ಬೆಳಿಗ್ಗೆ ಮಿಂಚಂಚೆ ತೆರೆದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಬ್ಬ ಮಹಿಳೆ ಬರೆದಿದ್ದರು. ಗಂಡ ತೀವ್ರ ನಿಗಾ ಘಟಕದಲ್ಲಿದ್ದಾರೆ, ತಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೇನೆ, ನಿದ್ದೆ ಬಾರದೆ ನಿಮ್ಮ ಬಟನ್ ಒತ್ತಿದೆ, ಹತ್ತು ಕತ್ತಿಗಳ ಕಾರ್ಡ್ ಬಂದಿದೆ, ಇದರ ಅರ್ಥ ದಯವಿಟ್ಟು ತಿಳಿಸಿ ಎಂದು. ಆ ಕಾರ್ಡ್ ನೋಡದವರಿಗೆ ಹೇಳುತ್ತೇನೆ: ಒಬ್ಬ ಮನುಷ್ಯ ಮುಖ ಕೆಳಗಾಗಿ ನೆಲಕ್ಕೆ ಬಿದ್ದಿದ್ದಾನೆ, ಬೆನ್ನಿನುದ್ದಕ್ಕೂ ಹತ್ತು ಕತ್ತಿಗಳು ನೆಟ್ಟಿವೆ, ಮೇಲೆ ಕಪ್ಪು ಆಕಾಶ. ದಿಗಂತದಲ್ಲಿ ಒಂದು ಹಳದಿ ಬೆಳಕಿದೆ. ಎದುರಿಗೆ ಕೂರಿಸಿಕೊಂಡು ಓದುವಾಗ ನಾನು ಮೊದಲು ಬೆರಳಿಟ್ಟು ತೋರಿಸುವುದು ಆ ಬೆಳಕನ್ನು. ಮೊಬೈಲಿನ ಪುಟ್ಟ ಪರದೆಯಲ್ಲಿ ಅವರಿಗೆ ಕಂಡದ್ದು ಕತ್ತಿಗಳು ಮಾತ್ರ.

ಅವರಿಗೆ ಫೋನ್ ಮಾಡಿದೆ. ಕಾರ್ಡಿನ ಮಾತು ಬಿಟ್ಟು, ಊಟ ಆಯಿತೇ, ಜೊತೆಗೆ ಯಾರಿದ್ದಾರೆ ಎಂದು ಕೇಳಿದೆ. ಮಧ್ಯಾಹ್ನದೊಳಗೆ ಆ ಬಟನ್ ತೆಗೆಸಿದೆ. ಮುಂದಿನ ತಿಂಗಳು ಜಾಲತಾಣಕ್ಕೆ ಬರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಮತ್ತೆ ಹಾಕಿ ಎಂದು ಸಲಹೆ ಕೊಟ್ಟವರು ಅನೇಕರು. ನಾನು ಹಾಕಲಿಲ್ಲ. ಓದುವವರು ಎದುರಿಲ್ಲದ ಹೊತ್ತಿನಲ್ಲಿ ಕಾರ್ಡನ್ನು ಯಾರ ಕೈಗೂ ಕೊಡಬಾರದು ಎಂಬುದು ಅಂದಿನಿಂದ ನನ್ನ ನಿಯಮ. ಜಾಲತಾಣದಲ್ಲಿ ಏನಿರಬೇಕು ಎನ್ನುವುದಕ್ಕಿಂತ ಏನಿರಬಾರದು ಎನ್ನುವುದನ್ನು ನಾನು ಹೀಗೆ ಒಂದೊಂದಾಗಿ ಕಲಿತೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ 2013ರಿಂದ ಟ್ಯಾರೋ ಓದುತ್ತಿದ್ದೇನೆ. ಬಾಯಿಂದ ಬಾಯಿಗೆ ಹರಡಿದ ಹೆಸರೇ ಸಾಕಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಫೋನಿಗೆ ಬಂದರು. ಬೆಂಗಳೂರು, ಪುಣೆ, ಅಮೆರಿಕದಲ್ಲಿರುವ ಕನ್ನಡದವರು ಕೇಳತೊಡಗಿದರು. ‘ಫೀಸ್ ಎಷ್ಟು, ಎಷ್ಟು ಹೊತ್ತು, ಜಾತಕ ಬೇಕೇ’ ಎಂಬ ಇದೇ ಮೂರು ಪ್ರಶ್ನೆಗಳಿಗೆ ದಿನಕ್ಕೆ ಹತ್ತು ಸಲ ಉತ್ತರ ಬರೆದು ದಣಿದೆ. ಮರುವರ್ಷ ಜಾಲತಾಣ ಮಾಡಿಸಿದೆ.

ಮೊದಲ ತಪ್ಪು ಹೆಸರಿನಲ್ಲೇ ಆಯಿತು. ಜಾಲತಾಣ ಮಾಡಿಕೊಡಲು ಒಪ್ಪಿದ ಯುವಕರೊಬ್ಬರಿಗೆ 22,000 ರೂಪಾಯಿ ಕೊಟ್ಟೆ, ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರನ್ನು ಕೂಡ ನೀವೇ ಕೊಂಡುಬಿಡಿ ಎಂದೆ. ಅವರು ತಮ್ಮ ಖಾತೆಯಲ್ಲಿ, ತಮ್ಮ ಮಿಂಚಂಚೆ ವಿಳಾಸದಲ್ಲಿ ಕೊಂಡರು. ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದೇ ನಂಬಿದ್ದೇನೆ. ಆದರೆ ಮರುವರ್ಷ ಅವರು ಬೇರೆ ಕೆಲಸ ಹಿಡಿದು ಊರು ಬಿಟ್ಟರು, ಫೋನ್ ಸಂಖ್ಯೆ ಬದಲಾಯಿತು, ನವೀಕರಣದ ನೆನಪೋಲೆಗಳೆಲ್ಲ ಅವರಿಗೆ ಹೋದವು. ಒಂದು ಬೆಳಿಗ್ಗೆ ನನ್ನ ಜಾಲತಾಣವೇ ತೆರೆಯಲಿಲ್ಲ. ಹೆಸರು ನನ್ನದೆಂದು ತೋರಿಸಲು ನನ್ನ ಬಳಿ ಒಂದು ರಸೀದಿಯೂ ಇರಲಿಲ್ಲ. ವಿಸಿಟಿಂಗ್ ಕಾರ್ಡ್‌ಗಳನ್ನು ಹೊಸದಾಗಿ ಅಚ್ಚು ಹಾಕಿಸಿ, ಹೊಸ ಹೆಸರು ಕೊಂಡೆ. ಈ ಸಲ ನನ್ನದೇ ಖಾತೆ, ನನ್ನದೇ ಮೊಬೈಲಿಗೆ ಒಟಿಪಿ. ಮನೆ ಕಟ್ಟುವ ಮೇಸ್ತ್ರಿ ಯಾರಾದರೂ ಆಗಬಹುದು, ನಿವೇಶನದ ಪತ್ರ ಮಾತ್ರ ನಿಮ್ಮ ಹೆಸರಿನಲ್ಲಿರಲಿ.

ಹೊಸ ಹೆಸರಿನಲ್ಲಿ ‘ಟ್ಯಾರೋ’ ಎಂಬ ಪದವನ್ನೇ ಬಿಟ್ಟೆ. ಇಂಗ್ಲಿಷಿನಲ್ಲಿ ಅದರ ಕೊನೆಗೆ ಉಚ್ಚಾರವಾಗದ ಒಂದು ‘ಟಿ’ ಇದೆ. ಫೋನಿನಲ್ಲಿ ಹೇಳಿದರೆ ಹತ್ತರಲ್ಲಿ ನಾಲ್ವರು ತಪ್ಪಾಗಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಕೇಳಿದರೆ ಬರೆದುಕೊಳ್ಳಲು ಬರುವ ಹೆಸರೇ ಒಳ್ಳೆಯ ಹೆಸರು. ಹೋಸ್ಟಿಂಗ್, ಅಂದರೆ ಜಾಲತಾಣವನ್ನು ಇರಿಸಲು ಬಾಡಿಗೆಗೆ ಪಡೆಯುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಂಥ ಸಣ್ಣ ಕಸುಬಿಗೆ ಎಲ್ಲಕ್ಕಿಂತ ಅಗ್ಗದ, ಹಲವು ಜಾಲತಾಣಗಳು ಹಂಚಿಕೊಳ್ಳುವ ಹೋಸ್ಟಿಂಗ್, ಅದರ ಮೇಲೆ ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಸಾಕು. ಮೊದಲ ವರ್ಷದ ರಿಯಾಯಿತಿ ದರವನ್ನು ನೋಡಬೇಡಿ, ಎರಡನೆಯ ವರ್ಷದ ದರವನ್ನು ಕೇಳಿ. ಸಂಪರ್ಕ ಸುರಕ್ಷಿತ ಎಂದು ತೋರಿಸುವ ಪ್ರಮಾಣಪತ್ರ ಉಚಿತವಾಗಿಯೇ ಸಿಗುತ್ತದೆ, ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ.

ನಾನು ಹೆಚ್ಚು ದಿನ ಕಳೆದದ್ದು ಕನ್ನಡದ ಜೊತೆ. ಕಾರ್ಡ್‌ಗಳ ಬಗ್ಗೆ ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಅವನ್ನು ಪುಟಕ್ಕೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂತು. ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು, ಎಲ್ಲವನ್ನೂ ಕೂತು ತಿದ್ದಿದೆ. ಇನ್ನೊಂದು ತೊಂದರೆ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಅಕ್ಕನ ಮಗ ತೋರಿಸಿದ. ಶೀರ್ಷಿಕೆಯಲ್ಲಿ ‘ನಿಮ್ಮ ಪ್ರಶ್ನೆ’ ಎಂದು ಬರೆದಿದ್ದೆ. ಮೊಬೈಲಿನಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗಿ ಅದು ‘ನಿಮ ಪಶೆ’ ಎಂದು ಕಾಣುತ್ತಿತ್ತು. ಇಂಗ್ಲಿಷಿಗಾಗಿ ಮಾಡಿದ ವಿನ್ಯಾಸಗಳಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ಕನ್ನಡ ಕೆಳಗೂ ಬೇರು ಬಿಡುವ ಲಿಪಿ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7ರಷ್ಟು ಮಾಡಿ, ಅಕ್ಷರಗಳ ನಡುವಿನ ಹೆಚ್ಚುವರಿ ಅಂತರವನ್ನು ಸೊನ್ನೆಗೆ ತಂದು, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಹೋಯಿತು.

ಕಾರ್ಡ್‌ಗಳಿಗೆ ಕನ್ನಡದ ಹೆಸರು ಕೊಡುವುದು ಅದಕ್ಕಿಂತ ಸೂಕ್ಷ್ಮದ ಕೆಲಸ. ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ಪಂಗಡಗಳು ಸಲೀಸಾಗಿ ಕೂತವು. ಈ ಪಂಗಡಗಳಿಗೆ ಸೇರದ ದೊಡ್ಡ ಕಾರ್ಡುಗಳಲ್ಲಿ 16ನೆಯ ಸಂಖ್ಯೆಯದರಲ್ಲಿ ಸಿಡಿಲು ಹೊಡೆದ ಒಂದು ಎತ್ತರದ ಕಟ್ಟಡ ಇದೆ, ಅದರ ಕಿರೀಟ ಹಾರಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಟವರ್’, ನಾನು ನಿಘಂಟಿನ ಪ್ರಕಾರ ‘ಗೋಪುರ’ ಎಂದು ಬರೆದೆ. ನಂಜನಗೂಡಿನಿಂದ ಹಿರಿಯರೊಬ್ಬರು ಫೋನ್ ಮಾಡಿ, “ಅಲ್ಲಮ್ಮಾ, ಗೋಪುರಕ್ಕೆ ಸಿಡಿಲು ಬಡಿಯಿತು ಎಂದು ಬರೆಯಬಹುದೇ? ನಾವು ದಿನಾ ಎದ್ದು ಕೈ ಮುಗಿಯುವುದು ಅದಕ್ಕೇ” ಎಂದರು. ಅವರ ಮಾತು ನೇರವಾಗಿ ಎದೆಗೆ ತಾಗಿತು. ಎರಡು ದಿನ ಯೋಚಿಸಿ ‘ಸಿಡಿಲು ಬಡಿದ ಬುರುಜು’ ಎಂದು ತಿದ್ದಿದೆ. ಕೋಟೆಯ ಬುರುಜು ಅಹಂಕಾರದಿಂದ ಎದ್ದು ನಿಂತದ್ದು, ಅದು ಉರುಳಬಹುದು. ಗೋಪುರ ಉರುಳುವುದನ್ನು ನಮ್ಮ ಜನ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ.

ಚಿತ್ರಗಳ ಹಕ್ಕಿನ ವಿಚಾರವನ್ನು ಈ ಕಸುಬಿನಲ್ಲಿ ಬಹಳ ಜನ ಗಮನಿಸುವುದಿಲ್ಲ. ನಾನು ಬಳಸುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರೈಡರ್ ಪ್ರಕಾಶನದ ಕಾರ್ಡ್‌ಗಳ ಚಿತ್ರಗಳನ್ನು. ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿದ ಆ ಕಟ್ಟಿನ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಅವರು ತೀರಿಕೊಂಡದ್ದು 1951ರಲ್ಲಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಕಲಾವಿದರ ಮರಣಾನಂತರ 60 ವರ್ಷ ಇರುವುದರಿಂದ ಆ ಮೂಲ ಚಿತ್ರಗಳು ಈಗ ಎಲ್ಲರವು. ಆದರೆ ಇತ್ತೀಚೆಗೆ ಹೊಸದಾಗಿ ಬಣ್ಣ ತುಂಬಿ ಮಾರುವ ಕಟ್ಟುಗಳ ಮಾತು ಬೇರೆ. ಹೀಗಾಗಿ ಹಳೆಯ ಮುದ್ರಣದ ಪ್ರತಿಗಳನ್ನೇ ಹುಡುಕಿ ಬಳಸಿದೆ. ಈ ಕಾಲದ ಕಲಾವಿದರ ಒಂದು ಕಟ್ಟು ನನಗೆ ಬಹಳ ಇಷ್ಟ. ಅದರ ನಾಲ್ಕು ಕಾರ್ಡ್ ತೋರಿಸಲು ಕಲಾವಿದರಿಗೆ ಬರೆದು ಒಪ್ಪಿಗೆ ಪಡೆದೆ. ಕಾರ್ಡ್ ಕೊಂಡರೆ ಓದುವ ಹಕ್ಕು ಸಿಗುತ್ತದೆ, ಚಿತ್ರವನ್ನು ಪ್ರಕಟಿಸುವ ಹಕ್ಕು ಸಿಗುವುದಿಲ್ಲ. ಹಗಲಿರುಳು ಅವರ ಗೆರೆಗಳನ್ನು ಓದಿ ಅನ್ನ ತಿನ್ನುವ ನಮಗೆ ಅಷ್ಟಾದರೂ ಋಣ ಇರಬೇಕು.

ಈಗ ನನ್ನ ಜಾಲತಾಣದ ಅತಿ ಮುಖ್ಯವಾದ ಪುಟಕ್ಕೆ ಬರುತ್ತೇನೆ. ಅದರ ಹೆಸರು ‘ನಾನು ಓದದ ಪ್ರಶ್ನೆಗಳು’. ಬುಕಿಂಗ್ ಮಾಡುವ ಪುಟಕ್ಕೆ ಹೋಗಬೇಕಾದರೆ ಇದನ್ನು ದಾಟಿಯೇ ಹೋಗಬೇಕು. ರೋಗ ಯಾವುದು, ವಾಸಿಯಾಗುತ್ತದೆಯೇ, ಯಾರ ಆಯಸ್ಸು ಎಷ್ಟು, ಗರ್ಭದಲ್ಲಿರುವುದು ಗಂಡೋ ಹೆಣ್ಣೋ, ಕೋರ್ಟ್ ತೀರ್ಪು ಏನಾಗುತ್ತದೆ, ಯಾವ ಷೇರು ಕೊಳ್ಳಬೇಕು, ಯಾರು ಮಾಟ ಮಾಡಿಸಿದ್ದಾರೆ: ಇವುಗಳನ್ನು ಓದುವುದಿಲ್ಲ. ಪರಿಹಾರ, ತಾಯಿತ, ಹರಳು ಮಾರುವುದಿಲ್ಲ. ಇಲ್ಲಿ ಕಾನೂನಿನ ಮಾತೂ ಇದೆ. ಮಂತ್ರ, ತಾಯಿತ, ಕವಚಗಳಿಂದ ರೋಗ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸುತ್ತದೆ. ಜಾಲತಾಣದಲ್ಲಿ ಬರೆದದ್ದೂ ಜಾಹೀರಾತೇ. ಆದರೆ ನಾನು ಆ ಪುಟ ಬರೆದದ್ದು ಕಾಯ್ದೆಯ ಭಯದಿಂದಲ್ಲ, ಬೆಂಚಿನ ಮೇಲೆ ಕುಳಿತಿದ್ದ ಆ ಹೆಣ್ಣುಮಗಳನ್ನು ನೆನೆದು. ಪುಟದ ಕೊನೆಗೆ ದಪ್ಪ ಅಕ್ಷರಗಳಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರ್ಕಾರಿ ಸೇವೆಗೆ ನಮ್ಮ ನಿಮ್ಹಾನ್ಸ್ ಕೇಂದ್ರಸ್ಥಾನ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ರಾತ್ರಿ ಎರಡು ಗಂಟೆಗೆ ನನ್ನ ಪುಟ ತೆರೆಯುವವರಿಗೆ ಕಾರ್ಡಿಗಿಂತ ಆ ಸಂಖ್ಯೆ ಹೆಚ್ಚು ಬೇಕಾಗಬಹುದು.

ದರವನ್ನು ಅಂಕಿಗಳಲ್ಲಿ ಬರೆದಿದ್ದೇನೆ: 45 ನಿಮಿಷಕ್ಕೆ 1,500 ರೂಪಾಯಿ. ‘ಸಂಪರ್ಕಿಸಿ’ ಎಂದು ಬರೆದು, ಫೋನ್ ಮಾಡಿದವರ ಆತಂಕ ಅಳೆದು ದರ ಹೇಳುವ ಪದ್ಧತಿ ನಮ್ಮ ಕಸುಬಿಗೆ ಅಂಟಿದ ಕಳಂಕ. ಅದನ್ನು ತೊಳೆಯಲು ನನ್ನ ಕೈಲಾದದ್ದು ಇಷ್ಟು.

ಹಣ ಪಡೆಯುವ ವ್ಯವಸ್ಥೆ ಸುಲಭವಾಗಲಿಲ್ಲ. ಮೊದಲು ಯುಪಿಐ ಕ್ಯೂಆರ್ ಹಾಕಿದ್ದೆ. ಯಾರು ಯಾವುದಕ್ಕೆ ಕೊಟ್ಟರು ಎಂದು ಸ್ಕ್ರೀನ್‌ಶಾಟ್‌ಗಳನ್ನು ಹೊಂದಿಸುವುದರಲ್ಲೇ ಸಂಜೆಗಳು ಕಳೆದವು. ಜಾಲತಾಣದಲ್ಲೇ ಹಣ ಪಡೆಯಲು ಸಂಸ್ಥೆಗಳು ಕೊಡುವ ಪೇಮೆಂಟ್ ಗೇಟ್‌ವೇ ಕೇಳಲು ಹೋದರೆ, ಭವಿಷ್ಯ ಹೇಳುವ ವ್ಯವಹಾರ ನಮ್ಮ ನಿರ್ಬಂಧಿತ ಪಟ್ಟಿಯಲ್ಲಿದೆ ಎಂದು ಮೊದಲ ಸಂಸ್ಥೆ ಕೈ ಮುಗಿಯಿತು. ಎರಡನೆಯದು ಜಾಲತಾಣವನ್ನು ಪೂರ್ತಿ ನೋಡಿ ಒಪ್ಪಿತು. ನಿಯಮಗಳು, ಖಾಸಗಿತನ, ರದ್ದತಿ ಮತ್ತು ಹಣ ವಾಪಸಾತಿ, ಸಂಪರ್ಕ ಈ ನಾಲ್ಕು ಪುಟಗಳು ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅವನ್ನು ಮೊದಲೇ ಬರೆದಿಡಿ. ಹೊರದೇಶದ ಬ್ಯಾಂಕ್ ಕಾರ್ಡ್‌ಗಳಿಗೆ ಪ್ರತ್ಯೇಕ ಅನುಮತಿ ಕೇಳಬೇಕು.

ಫಾರಂನಲ್ಲಿ ಮೊದಲು ಹುಟ್ಟಿದ ದಿನ, ಸಮಯ, ಊರು ಎಲ್ಲ ಕೇಳಿದ್ದೆ. ಯಾವುದೋ ಜ್ಯೋತಿಷ್ಯದ ಫಾರಂ ನೋಡಿ ಮಾಡಿದ್ದು ಅದು. ಟ್ಯಾರೋಗೆ ಜಾತಕ ಬೇಕಿಲ್ಲ, ಕೇಳುವವರ ಪ್ರಶ್ನೆ ಸಾಕು. ಬೇಡದ ವಿವರ ಇಟ್ಟುಕೊಂಡರೆ ಕಾಯುವ ಹೊಣೆಯೂ ನಮ್ಮದೇ. ಈಗ ಕೇಳುವುದು ಹೆಸರು, ಫೋನ್, ಒಂದು ವಾಕ್ಯದ ಪ್ರಶ್ನೆ, 18 ತುಂಬಿದೆಯೇ ಎಂಬ ಖಾತರಿ. ಓದಿದ 30 ದಿನಗಳ ನಂತರ ಪ್ರಶ್ನೆಯನ್ನು ಅಳಿಸುತ್ತೇನೆ. ಜನ ಆ ಒಂದು ವಾಕ್ಯದಲ್ಲಿ ಮನೆಯವರಿಗೂ ಹೇಳದ್ದನ್ನು ಬರೆಯುತ್ತಾರೆ.

ಅದೇ ಫಾರಂ ಒಮ್ಮೆ ಮೂರು ವಾರ ಮೂಕವಾಗಿತ್ತು. ಯಾರೂ ಬರುತ್ತಿಲ್ಲ ಎಂದು ನಾನು ಕೊರಗುತ್ತಿದ್ದರೆ, ಹನ್ನೊಂದು ಜನ ಬರೆದು ಉತ್ತರಕ್ಕೆ ಕಾಯುತ್ತಿದ್ದರು. ವರ್ಡ್‌ಪ್ರೆಸ್ ನೇರವಾಗಿ ಕಳಿಸುವ ಅಂಚೆಯನ್ನು ಮಿಂಚಂಚೆ ಸೇವೆಗಳು ಹಲವು ಸಲ ನಂಬುವುದಿಲ್ಲ, ತಿರಸ್ಕರಿಸುತ್ತವೆ. ಎಸ್‌ಎಂಟಿಪಿ (ಅಂಚೆ ಖಾತೆಗೆ ಲಾಗಿನ್ ಆಗಿ ಕಳಿಸುವ ವಿಧಾನ) ಮೂಲಕ ಕಳಿಸುವಂತೆ ಬದಲಿಸಿ, ಪ್ರತಿ ಸಂದೇಶದ ಒಂದು ಪ್ರತಿ ಜಾಲತಾಣದಲ್ಲೇ ಉಳಿಯುವಂತೆ ಮಾಡಿದೆ. ಹನ್ನೊಂದು ಜನರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

ಹೊರದೇಶದವರ ಸಮಯದ ವಿಷಯದಲ್ಲಿ ಒಂದೇ ಮಾತು. 2022ರ ನವೆಂಬರ್ 6ರ ಭಾನುವಾರ, ಅಲ್ಲಿನ ಸಮಯ ರಾತ್ರಿ ಒಂಬತ್ತಕ್ಕೆ, ನ್ಯೂಜೆರ್ಸಿಯ ಒಬ್ಬರು ಬುಕ್ ಮಾಡಿದ್ದರು. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಲೆಕ್ಕವನ್ನೇ ಹಿಡಿದು ನಾನು ಸೋಮವಾರ ಬೆಳಿಗ್ಗೆ ಆರೂವರೆಗೆ ಕುಳಿತೆ. ಆ ಭಾನುವಾರವೇ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟಿದ್ದರು. ಅವರು ಏಳೂವರೆಗೆ ಬಂದಾಗ ನಾನು ಎದ್ದು ಹೋಗಿದ್ದೆ. ಕೈ ಲೆಕ್ಕ ಬಿಟ್ಟು, ಕೇಳುವವರ ಊರಿನ ಸಮಯವನ್ನೇ ತೋರಿಸುವ ಬುಕಿಂಗ್ ವ್ಯವಸ್ಥೆ ಹಾಕಿಸಿದ್ದು ಆಮೇಲೆ.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಕಾರ್ಡಿನ ಕಟ್ಟನ್ನೂ ಲ್ಯಾಪ್‌ಟಾಪನ್ನೂ ಒಂದೇ ಮಣೆಯ ಮೇಲಿಟ್ಟು ಕುಂಕುಮ ಹಚ್ಚುತ್ತೇನೆ. ಹಿಂದಿನ ದಿನ ಜಾಲತಾಣದ ಕೆಲಸ ಮುಗಿಸಿರುತ್ತೇನೆ. ಡೊಮೇನಿನ ಅವಧಿ ನೋಡುತ್ತೇನೆ. ತಾನಾಗಿ ಹಣ ಕಡಿತವಾಗುತ್ತದೆ ಎಂದು ನಂಬಿ ಕೂರುವುದಿಲ್ಲ, ಏಕೆಂದರೆ 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ಬ್ಯಾಂಕ್ ಕಾರ್ಡಿನ ಹಳೆಯ ಸ್ವಯಂಪಾವತಿಗಳು ಎಷ್ಟೋ ನಿಂತುಹೋದವು. ಇಡೀ ಜಾಲತಾಣದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸುತ್ತೇನೆ. ಕೊನೆಗೆ ಅಕ್ಕನ ಮೊಬೈಲ್ ತೆಗೆದುಕೊಂಡು, ಅಪರಿಚಿತಳಂತೆ ನನ್ನದೇ ಫಾರಂ ತುಂಬಿ, ಒಂದು ಪ್ರಶ್ನೆ ಬರೆದು ಕಳಿಸಿ, ಅದು ನನ್ನ ಅಂಚೆಪೆಟ್ಟಿಗೆಗೆ ಬರುವವರೆಗೆ ಕಾಯುತ್ತೇನೆ.